ಯಾವ ನಂಟು, ಎಷ್ಟು ನಂಟು? ಯುದ್ಧಕ್ಕೆ ಕೊಡುವ ಕಾರಣವನ್ನು ಒರೆಗೆ ಹಚ್ಚುವ ಬಗೆ

ಹುಬ್ಬಳ್ಳಿಯ ಯಾವುದೋ ಠಾಣೆಯಲ್ಲಿ ಬೈಕ್ ಕಳವಿನ ಆರೋಪಿಯೊಬ್ಬ ಇನ್‌ಸ್ಪೆಕ್ಟರ್ ಮುಂದೆ ನಿಂತು ‘ಹೌದ್ರೀ ಸಾಹೇಬ್ರ, ನಾನ ಕದ್ದೀನಿ’ ಎಂದ ಎಂದುಕೊಳ್ಳಿ. ಆ ಮಾತನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸಲು ಬರುವುದಿಲ್ಲ. ಮೊದಲು ಸಾಕ್ಷ್ಯ ಅಧಿನಿಯಮದ 25ನೇ ಕಲಂನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿದೆ. ಅವನು ತೋರಿಸಿದ ಜಾಗದಲ್ಲಿ ಬೈಕ್ ಸಿಕ್ಕರೆ, ಸಿಕ್ಕ ವಸ್ತುವಿಗೆ ನೇರವಾಗಿ ಸಂಬಂಧಿಸಿದ ಮಾತಿನಷ್ಟು ಭಾಗ ಮಾತ್ರ ನಿಲ್ಲುತ್ತದೆ. ಹೊಡೆತಕ್ಕೆ ಹೆದರಿದವನು ಕೇಳುವವನಿಗೆ ಬೇಕಾದದ್ದನ್ನೇ ಹೇಳುತ್ತಾನೆ ಎಂಬ ಹಳೆಯ ಅನುಭವದಿಂದ ಹುಟ್ಟಿದ ನಿಯಮವಿದು.

ಒಂದು ಬೈಕಿಗೆ ಇಷ್ಟು ಎಚ್ಚರ. ಒಂದು ದೇಶದ ಮೇಲೆ ಬಾಂಬ್ ಹಾಕುವಾಗ?

2001ರ ಕೊನೆಯಲ್ಲಿ ಸೆರೆಸಿಕ್ಕ ಇಬ್ನ್ ಅಲ್-ಶೇಖ್ ಅಲ್-ಲಿಬಿ ಎಂಬ ಶಂಕಿತ ಉಗ್ರನನ್ನು ಅಮೆರಿಕ 2002ರ ಜನವರಿಯಲ್ಲಿ ಈಜಿಪ್ಟಿಗೆ ಸಾಗಿಸಿತು. ಅಲ್ಲಿ ಅವನು ‘ಅಲ್ ಖೈದಾದವರಿಗೆ ಇರಾಕ್ ರಾಸಾಯನಿಕ, ಜೈವಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ’ ಎಂದ. 50 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದದ ಪೆಟ್ಟಿಗೆಯಲ್ಲಿ ಸುಮಾರು 17 ಗಂಟೆ ತುರುಕಿಟ್ಟರು, ಆಮೇಲೆ ಹೊಡೆದರು, ಹೊಡೆತ ನಿಲ್ಲಲೆಂದು ಕತೆ ಕಟ್ಟಿದೆ ಎಂದು ಅವನೇ ಮುಂದೆ ಹೇಳಿಕೊಂಡ. 2002ರ ಫೆಬ್ರುವರಿಯಲ್ಲೇ ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆ ಇವನ ಮಾತಿನ ಮೇಲೆ ಅನುಮಾನ ಬರೆದಿಟ್ಟಿತ್ತು. ತರಬೇತಿ ಕೊಟ್ಟ ಇರಾಕಿಗಳು ಯಾರು, ಬಳಸಿದ ವಸ್ತು ಯಾವುದು, ನಡೆದ ಜಾಗ ಎಲ್ಲಿ, ಈ ಮೂರಕ್ಕೂ ಅವನಲ್ಲಿ ಉತ್ತರವಿಲ್ಲ. ಬೇಕೆಂದೇ ದಾರಿ ತಪ್ಪಿಸುತ್ತಿರಬಹುದು ಎಂಬುದು ಅದರ ತೀರ್ಮಾನ. ಹಾಗಿದ್ದೂ ಅದೇ ಮಾತು 2002ರ ಅಕ್ಟೋಬರ್ 7ರಂದು ಸಿನ್ಸಿನಾಟಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರ ಭಾಷಣದಲ್ಲಿ ಬಂತು. 2003ರ ಫೆಬ್ರುವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಅದನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಎದುರು ಹಿರಿಯ ಉಗ್ರನೊಬ್ಬನ ಹೇಳಿಕೆಯೆಂದು ಮಂಡಿಸಿದರು. ಮಾರ್ಚ್ 20ಕ್ಕೆ ಯುದ್ಧ. 2004ರ ಜನವರಿಯಲ್ಲಿ ಲಿಬಿ ಮಾತು ಹಿಂತೆಗೆದುಕೊಂಡ, ಮರುತಿಂಗಳು ಸಿಐಎ ಆ ವರದಿಗಳನ್ನು ವಾಪಸ್ ಪಡೆಯಿತು. ಅಷ್ಟರಲ್ಲಿ ಬಗ್ದಾದ್ ಬಿದ್ದು ಹತ್ತು ತಿಂಗಳಾಗಿತ್ತು.

ಉಗ್ರರ ನಂಟಿನ ಆರೋಪದ ಮೇಲೆ ಯುದ್ಧ ಸಾರುವುದು ಈ ಕಾಲದ ರೂಢಿಯಾಗುತ್ತಿದೆ. ಆರೋಪ ಪ್ರತಿಸಲವೂ ಸುಳ್ಳಾಗಿರುತ್ತದೆ ಎನ್ನಲಾಗದು. ಕೆಲವು ಸಲ ಪೂರ್ತಿ ನಿಜ. ಆದ್ದರಿಂದಲೇ ಸಾರಾಸಗಟಾಗಿ ನಂಬುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು. ಬ್ಯಾಡಗಿ ಮಾರುಕಟ್ಟೆಯಲ್ಲಿ ಅನುಭವಸ್ಥ ಖರೀದಿದಾರ ಚೀಲದ ಬಾಯಲ್ಲಿ ಕೆಂಪಗೆ ಹೊಳೆಯುವ ಕಾಯಿ ನೋಡಿ ದರ ಬರೆಯುವುದಿಲ್ಲ. ಒಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಮುರಿದು ತೇವ ನೋಡುತ್ತಾನೆ. ನಂಟಿನ ಆರೋಪವನ್ನೂ ಹಾಗೆಯೇ ನೋಡಬೇಕು.

ಒಂದು ಪದ, ಬೇರೆ ಬೇರೆ ತೂಕ

‘ನಂಟು’ ತಲೆಬರಹ ಬರೆಯುವವರಿಗೆ ಬಹಳ ಅನುಕೂಲದ ಪದ. ಎರಡೇ ಅಕ್ಷರ, ಎಲ್ಲಿ ಬೇಕಾದರೂ ಕೂರುತ್ತದೆ. ಬೀಗತನವೂ ನಂಟೇ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನ ಪರಿಚಯವೂ ನಂಟೇ. ಒಂದು ಸರ್ಕಾರಕ್ಕೂ ಒಂದು ಉಗ್ರ ಸಂಘಟನೆಗೂ ‘ನಂಟಿದೆ’ ಎಂದಾಗ ಅದು ಏನು ಬೇಕಾದರೂ ಆಗಿರಬಹುದು. ಇಬ್ಬರೂ ಎಂದೋ ಎಲ್ಲೋ ಭೇಟಿಯಾಗಿದ್ದು ಒಂದು. ಉಗ್ರ ಆ ದೇಶದ ನೆಲದ ಮೇಲೆ ಇದ್ದಾನೆ ಎಂಬುದು ಇನ್ನೊಂದು. ಸರ್ಕಾರ ಗೊತ್ತಿದ್ದೂ ಆಶ್ರಯ ಕೊಟ್ಟಿದೆ ಎಂಬುದು ಅದಕ್ಕಿಂತ ಭಾರ. ಹಣ, ಆಯುಧ, ತರಬೇತಿ ಕೊಟ್ಟಿದೆ ಎಂಬುದು ಮತ್ತೂ ಭಾರ. ಈ ನಿರ್ದಿಷ್ಟ ದಾಳಿಯನ್ನು ಆ ಸರ್ಕಾರವೇ ಮಾಡಿಸಿತು, ಅಂದರೆ ಕೈವಾಡ, ಎಲ್ಲಕ್ಕಿಂತ ಭಾರ.

ಮೋಸ ನಡೆಯುವುದು ಈ ಮೆಟ್ಟಿಲುಗಳ ನಡುವೆ. ಪುರಾವೆ ಕೆಳಗಿನ ಮೆಟ್ಟಿಲಲ್ಲಿರುತ್ತದೆ, ಮಾತು ಮೇಲಿನ ಮೆಟ್ಟಿಲಲ್ಲಿ. ‘ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ’ ಎಂಬ ತರ್ಕ. ದೇಶದೊಳಗಿದ್ದಾನೆ, ಅಂದರೆ ಸರ್ಕಾರಕ್ಕೆ ಗೊತ್ತು. ಗೊತ್ತು ಎಂದರೆ ಸಾಕಿದ್ದಾರೆ. ಸಾಕಿದ್ದಾರೆ ಎಂದರೆ ಮಾಡಿಸಿದ್ದಾರೆ. ಪ್ರತಿ ಹೆಜ್ಜೆಗೂ ಬೇರೆ ಪುರಾವೆ ಬೇಕು ಎಂಬುದು ಓಟದಲ್ಲಿ ಮರೆತುಹೋಗುತ್ತದೆ.

ಕಾನೂನು ಈ ಮೆಟ್ಟಿಲುಗಳನ್ನು ಬೇರೆಬೇರೆಯಾಗಿಯೇ ತೂಗಿದೆ. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಬಲಪ್ರಯೋಗವನ್ನು ನಿಷೇಧಿಸುತ್ತದೆ, 51ನೇ ವಿಧಿ ‘ಸಶಸ್ತ್ರ ದಾಳಿ’ ನಡೆದಾಗ ಆತ್ಮರಕ್ಷಣೆಯ ಹಕ್ಕನ್ನು ಉಳಿಸುತ್ತದೆ, ಕೈಗೊಂಡ ಕ್ರಮವನ್ನು ಕೂಡಲೇ ಭದ್ರತಾ ಮಂಡಳಿಗೆ ತಿಳಿಸಬೇಕೆನ್ನುತ್ತದೆ. (ಧಾರವಾಡದ ವಾಚನಾಲಯಗಳಲ್ಲಿ ಪರೀಕ್ಷೆಗೆ ಓದುತ್ತಿರುವವರು ಇದನ್ನು ನಮ್ಮ ಸಂವಿಧಾನದ 51ನೇ ವಿಧಿಯೊಂದಿಗೆ ಕಲಸಿಕೊಳ್ಳಬಾರದು. ಅದು ಅಂತರರಾಷ್ಟ್ರೀಯ ಶಾಂತಿಯನ್ನು ಬೆಳೆಸಬೇಕು, ವಿವಾದಗಳನ್ನು ಪಂಚಾಯ್ತಿಯಿಂದ ಬಗೆಹರಿಸಲು ಉತ್ತೇಜಿಸಬೇಕು ಎನ್ನುವ ನಿರ್ದೇಶಕ ತತ್ವ.) ಉಗ್ರರ ಕೃತ್ಯ ಯಾವಾಗ ಒಂದು ದೇಶದ ಕೃತ್ಯವಾಗುತ್ತದೆ ಎಂಬುದಕ್ಕೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ ನಿಕರಾಗುವಾ ಪ್ರಕರಣದಲ್ಲಿ ಕಟ್ಟುನಿಟ್ಟಿನ ಅಳತೆ ಕೊಟ್ಟಿತು. ನಿಕರಾಗುವಾದ ಬಂಡುಕೋರ ಕಾಂಟ್ರಾಗಳಿಗೆ ಹಣ, ತರಬೇತಿ, ಆಯುಧ ಕೊಟ್ಟಿದ್ದು ಅಮೆರಿಕ. ಅದು ಕಾನೂನುಬಾಹಿರ ಎಂದ ನ್ಯಾಯಾಲಯವೇ, ಅಷ್ಟರಿಂದ ಕಾಂಟ್ರಾಗಳ ಪ್ರತಿ ಕೃತ್ಯವೂ ಅಮೆರಿಕದ ಕೃತ್ಯವಾಗದು, ಆ ಕಾರ್ಯಾಚರಣೆಗಳ ಮೇಲೆ ನೈಜ ಹಿಡಿತವಿತ್ತೆಂದು ತೋರಿಸಬೇಕು ಎಂದಿತು. 1999ರಲ್ಲಿ, ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆಂದು ವಿಶ್ವಸಂಸ್ಥೆ ರಚಿಸಿದ್ದ ನ್ಯಾಯಮಂಡಳಿ ಇದನ್ನು ಸ್ವಲ್ಪ ಸಡಿಲಿಸಿ ‘ಒಟ್ಟಾರೆ ಹಿಡಿತ’ ಸಾಕೆಂದಿತು. 2001ರ ನಂತರ ಅಮೆರಿಕ ಮತ್ತು ಕೆಲವು ದೇಶಗಳು ಇನ್ನೊಂದು ವಾದ ಹೂಡಿವೆ: ತನ್ನ ನೆಲದ ಉಗ್ರರನ್ನು ತಡೆಯಲು ಒಂದು ದೇಶಕ್ಕೆ ಮನಸ್ಸಿಲ್ಲ ಅಥವಾ ಶಕ್ತಿಯಿಲ್ಲ ಎಂದಾದರೆ ಅಲ್ಲಿಗೆ ಹೋಗಿ ಹೊಡೆಯಬಹುದು ಎಂಬುದು. ಇದನ್ನು ಒಪ್ಪದ ದೇಶಗಳೂ ಬಹಳ. ಮನಸ್ಸಿಲ್ಲವೆಂದು ತೀರ್ಮಾನಿಸುವವನು ಹೊಡೆಯುವವನೇ ಆಗಿರುತ್ತಾನೆ ಎಂಬುದು ಅವರ ಆಕ್ಷೇಪ, ಅದರಲ್ಲಿ ತಥ್ಯವಿದೆ.

ಒಂದು ತಂತಿ ಸಂದೇಶ

1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜನ ಕೊಲೆಯಾಯಿತು. ಸರ್ಬಿಯಾ ಸರ್ಕಾರದ ಕೈವಾಡವಿದೆಯೇ ಎಂದು ನೋಡಲು ವಿಯೆನ್ನಾ ತನ್ನ ವಿದೇಶಾಂಗ ಇಲಾಖೆಯ ಕಾನೂನು ಅಧಿಕಾರಿ ಫ್ರೀಡ್ರಿಶ್ ಫಾನ್ ವೀಸ್ನರ್‌ನನ್ನು ಕಳುಹಿಸಿತು. ಜುಲೈ 13ರಂದು ಅವನು ಕಳುಹಿಸಿದ ತಂತಿ, ನಮ್ಮ ಮಟ್ಟಿಗೆ, ಇಂಥ ವರದಿ ಹೇಗಿರಬೇಕು ಎಂಬುದಕ್ಕೆ ಮಾದರಿ. ಅವನು ಮೆಟ್ಟಿಲುಗಳನ್ನು ಬೇರ್ಪಡಿಸಿ ಬರೆದ. ಸಂಚು ಬೆಲ್‌ಗ್ರೇಡ್‌ನಲ್ಲಿ ನಡೆದದ್ದು ನಿಸ್ಸಂಶಯ. ಬಾಂಬು, ಬ್ರೌನಿಂಗ್ ಪಿಸ್ತೂಲು, ವಿಷ ಒದಗಿಸಿದವರಲ್ಲಿ ಮೇಜರ್ ಟಾಂಕೊಸಿಚ್ ಮತ್ತು ರೈಲ್ವೆ ನೌಕರ ಸಿಗಾನೊವಿಚ್ ಇದ್ದಾರೆ. ಆದರೆ ಕೊಲೆಯನ್ನು ಸರ್ಬಿಯಾ ಸರ್ಕಾರ ನಿರ್ದೇಶಿಸಿತು, ಸಿದ್ಧಪಡಿಸಿತು ಎನ್ನಲು ಏನೂ ಇಲ್ಲ, ಹಾಗೆ ಊಹಿಸಲೂ ಆಧಾರವಿಲ್ಲ.

ಹತ್ತು ದಿನಕ್ಕೆ, ಜುಲೈ 23ರಂದು, ಆಸ್ಟ್ರಿಯಾ 10 ಬೇಡಿಕೆಗಳನ್ನಿಟ್ಟು 48 ಗಂಟೆಗಳ ಗಡುವು ಕೊಟ್ಟಿತು. ಸರ್ಬಿಯಾ ಹೆಚ್ಚಿನವನ್ನು ಒಪ್ಪಿ, ತನ್ನ ನೆಲದ ನ್ಯಾಯಾಂಗ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಭಾಗವಹಿಸುವ 6ನೇ ಬೇಡಿಕೆಯನ್ನು ನಿರಾಕರಿಸಿತು. 28ಕ್ಕೆ ಯುದ್ಧ. ಈ ಕತೆ ಅಲ್ಲಿಗೆ ಸರಳವಾಗಿ ಮುಗಿಯುವುದಿಲ್ಲ. ಸರ್ಬಿಯಾದ ಸೇನಾ ಗುಪ್ತಚರ ಮುಖ್ಯಸ್ಥ ಡ್ರಾಗುಟಿನ್ ಡಿಮಿಟ್ರಿಯೆವಿಚ್ ಈ ಸಂಚಿನ ಹಿಂದಿದ್ದ ಎಂಬುದು ಆಮೇಲೆ ಹೊರಬಂತು. ಹಾಗಾದರೆ ಆರೋಪ ನಿಜವೇ? ಸರ್ಕಾರದ ಒಂದು ಕೈ ಮಾಡಿದ್ದು ಇನ್ನೊಂದು ಕೈಗೆ ಗೊತ್ತಿಲ್ಲದ, ಅಥವಾ ಗೊತ್ತಿದ್ದೂ ತಡೆಯಲಾಗದ ಸ್ಥಿತಿ ಅದು. ‘ಸರ್ಕಾರ’ ಎಂಬುದನ್ನು ಒಂದೇ ಮನಸ್ಸಿನ ಒಬ್ಬ ಮನುಷ್ಯ ಎಂಬಂತೆ ಮಾತಾಡುವಲ್ಲೇ ಅರ್ಧ ತಪ್ಪು ಹುಟ್ಟುತ್ತದೆ. ಮುಂದೆ ಪಾಕಿಸ್ತಾನದ ವಿಷಯಕ್ಕೆ ಬಂದಾಗ ಇದನ್ನು ನೆನಪಿಡಬೇಕು.

ಇರಾಕ್: ಮೂರು ಕಾಲಿನ ಮಣೆ

2001ರ ಸೆಪ್ಟೆಂಬರ್ 11ರ 19 ಅಪಹರಣಕಾರರಲ್ಲಿ 15 ಮಂದಿ ಸೌದಿ ಅರೇಬಿಯಾದವರು, ಇಬ್ಬರು ಯುಎಇಯವರು, ಈಜಿಪ್ಟ್ ಮತ್ತು ಲೆಬನಾನಿನ ತಲಾ ಒಬ್ಬರು. ಇರಾಕಿನವನು ಒಬ್ಬನೂ ಇಲ್ಲ. ಹೀಗಿದ್ದೂ 2003ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ನಡೆಸಿದ ಸಮೀಕ್ಷೆಯಲ್ಲಿ 69 ಪ್ರತಿಶತ ಅಮೆರಿಕನ್ನರು ಆ ದಾಳಿಯಲ್ಲಿ ಸದ್ದಾಂ ಹುಸೇನ್ ಕೈವಾಡ ಇದ್ದಿರಬಹುದು ಎಂದರು. ‘ಸದ್ದಾಂ ಮಾಡಿಸಿದ’ ಎಂದು ಬುಷ್ ನೇರವಾಗಿ ಹೇಳಿರಲಿಲ್ಲ. ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಮತ್ತೆಮತ್ತೆ ಹೇಳಿದ್ದೇ ಸಾಕಾಗಿತ್ತು. 2003ರ ಸೆಪ್ಟೆಂಬರ್ 17ರಂದು ಅವರೇ ‘ಸೆಪ್ಟೆಂಬರ್ 11ರಲ್ಲಿ ಸದ್ದಾಂ ಭಾಗಿಯಾಗಿದ್ದಕ್ಕೆ ನಮ್ಮ ಬಳಿ ಪುರಾವೆ ಇಲ್ಲ’ ಎಂದರು. ಯುದ್ಧ ಶುರುವಾಗಿ ಆಗ ಆರು ತಿಂಗಳು.

ನಂಟಿನ ಆ ವಾದ ಮೂರು ಕಾಲಿನ ಮೇಲೆ ನಿಂತಿತ್ತು. ಒಂದು ಕಾಲು, ಆರಂಭದಲ್ಲಿ ಕಂಡ ಅಲ್-ಲಿಬಿಯ ಹೇಳಿಕೆ.

ಎರಡನೆಯದು ಪ್ರಾಗ್ ಭೇಟಿ. ಅಪಹರಣಕಾರರ ಮುಂದಾಳು ಮೊಹಮ್ಮದ್ ಅಟ್ಟಾ 2001ರ ಏಪ್ರಿಲ್ 9ರ ಸುಮಾರಿಗೆ ಪ್ರಾಗ್‌ನಲ್ಲಿ ಇರಾಕಿನ ಗುಪ್ತಚರ ಅಧಿಕಾರಿಯನ್ನು ಕಂಡ ಎಂಬ ಸುದ್ದಿ. ಮೂಲ ಒಬ್ಬನೇ: ಜೆಕ್ ಗುಪ್ತಚರರ ಒಬ್ಬ ಮಾಹಿತಿದಾರ. ದಾಳಿಯ ನಂತರ ಪತ್ರಿಕೆಯಲ್ಲಿ ಅಟ್ಟಾನ ಫೋಟೋ ಬಂದ ಮೇಲೆ ‘ಇವನನ್ನೇ ನೋಡಿದ್ದೆ’ ಎಂದವನು. ಗುರುತು ಪತ್ತೆ ಪರೇಡ್‌ಗೆ ಮೊದಲೇ ಆರೋಪಿಯ ಫೋಟೋ ಪೇಪರಿನಲ್ಲಿ ಬಂದಿದ್ದರೆ ನಮ್ಮ ಯಾವ ವಕೀಲರೂ ಆ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಬಿಡುವುದಿಲ್ಲ. 2001ರ ಡಿಸೆಂಬರ್ 9ರಂದು ಉಪಾಧ್ಯಕ್ಷ ಡಿಕ್ ಚೇನಿ ಟಿವಿಯಲ್ಲಿ ಇದನ್ನು ಬಹುಮಟ್ಟಿಗೆ ಖಚಿತವಾದ ಸಂಗತಿ ಎಂದರು. ಸೆಪ್ಟೆಂಬರ್ 11ರ ದಾಳಿಯ ಬಗ್ಗೆ ಅಮೆರಿಕ ನೇಮಿಸಿದ ತನಿಖಾ ಆಯೋಗ ಮಾಡಿದ್ದು ತಾಲ್ಲೂಕು ಮಟ್ಟದ ತನಿಖಾಧಿಕಾರಿಯೂ ಮಾಡುವ ಕೆಲಸ: ಆ ದಿನಗಳಲ್ಲಿ ಅವನು ಎಲ್ಲಿದ್ದ ಎಂದು ಕಾಗದಪತ್ರ ಹುಡುಕಿತು. ಏಪ್ರಿಲ್ 4ರಂದು ವರ್ಜಿನಿಯಾ ಬೀಚ್‌ನ ಬ್ಯಾಂಕ್ ಕ್ಯಾಮೆರಾದಲ್ಲಿ ಅವನ ಚಿತ್ರವಿದೆ. 11ರಂದು ಫ್ಲಾರಿಡಾದಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದಾನೆ. 6, 9, 10, 11ರಂದು ಅವನ ಮೊಬೈಲ್‌ನಿಂದ ಫ್ಲಾರಿಡಾದ ಟವರುಗಳ ಮೂಲಕ ಕರೆಗಳು ಹೋಗಿವೆ. ಕರೆ ಮಾಡಿದ್ದು ಅವನೇ ಎಂದು ಖಚಿತವಾಗಿ ಹೇಳಲಾಗದು ಎಂಬುದನ್ನೂ ಆಯೋಗ ಪ್ರಾಮಾಣಿಕವಾಗಿ ಬರೆದು, ಪುರಾವೆಗಳು ಭೇಟಿ ನಡೆಯಿತೆಂಬುದನ್ನು ಬೆಂಬಲಿಸುವುದಿಲ್ಲ ಎಂದು ಮುಗಿಸಿತು.

ಮೂರನೆಯ ಕಾಲು ಜೋರ್ಡಾನಿನ ಉಗ್ರ ಅಬು ಮುಸಬ್ ಅಲ್-ಜರ್ಕಾವಿ. 2002ರಲ್ಲಿ ಅವನು ಚಿಕಿತ್ಸೆಗೆಂದು ಬಗ್ದಾದಿಗೆ ಬಂದಿದ್ದ, ಖುರ್ಮಲ್ ಬಳಿ ವಿಷ ತಯಾರಿಸುವ ಶಿಬಿರವಿದೆ ಎಂದು ಪೊವೆಲ್ ಹೇಳಿದರು. ಇಲ್ಲಿ ನಕಾಶೆ ಬಿಡಿಸಿದರೆ ಸಾಕು. ಖುರ್ಮಲ್ ಇರುವುದು ಈಶಾನ್ಯದ ಕುರ್ದಿಷ್ ಪ್ರದೇಶದಲ್ಲಿ, ಸದ್ದಾಂ ಆಡಳಿತ ನಡೆಯದ ಜಾಗದಲ್ಲಿ. ಅಮೆರಿಕದ ಸೆನೆಟ್ ಗುಪ್ತಚರ ಸಮಿತಿ 2006ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಸದ್ದಾಂ ಸರ್ಕಾರ ಜರ್ಕಾವಿಗೆ ಆಶ್ರಯ ಕೊಟ್ಟಿರಲಿಲ್ಲ, ಅವನನ್ನು ಹಿಡಿಯಲು ಯತ್ನಿಸಿತ್ತು. ಬಿನ್ ಲಾಡೆನ್‌ಗೆ ಜರ್ಕಾವಿ ನಿಷ್ಠೆ ಘೋಷಿಸಿದ್ದು 2004ರ ಅಕ್ಟೋಬರ್‌ನಲ್ಲಿ, ಯುದ್ಧ ಶುರುವಾಗಿ ಒಂದೂವರೆ ವರ್ಷಕ್ಕೆ.

ಹಾಗಾದರೆ ಇರಾಕ್ ಮತ್ತು ಅಲ್ ಖೈದಾ ನಡುವೆ ಏನೂ ಇರಲಿಲ್ಲವೇ? ಇತ್ತು, ಕೆಳಗಿನ ಮೆಟ್ಟಿಲಲ್ಲಿ. 1994ರ ಕೊನೆ ಅಥವಾ 1995ರ ಆರಂಭದಲ್ಲಿ ಬಿನ್ ಲಾಡೆನ್ ಸುಡಾನಿನಲ್ಲಿ ಇರಾಕಿನ ಹಿರಿಯ ಗುಪ್ತಚರ ಅಧಿಕಾರಿಯನ್ನು ಭೇಟಿಯಾಗಿ ತರಬೇತಿಗೆ ಜಾಗ, ಆಯುಧ ಕೊಳ್ಳಲು ನೆರವು ಕೇಳಿದ. ಇರಾಕ್ ಸ್ಪಂದಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಸಂಪರ್ಕಗಳಿದ್ದವು, ಆದರೆ ‘ಒಟ್ಟಾಗಿ ಕೆಲಸ ಮಾಡುವ ಸಂಬಂಧ’ವಾಗಿ ಬೆಳೆದದ್ದು ಕಾಣುವುದಿಲ್ಲ ಎಂದು ಆಯೋಗ 2004ರ ಜುಲೈನಲ್ಲಿ ಹೇಳಿತು.

ಇನ್ನೊಂದು ಕಾಗದ ಎಲ್ಲರಿಗೂ ಸಿಗುವಂತಿತ್ತು. ಸಿನ್ಸಿನಾಟಿ ಭಾಷಣದ ದಿನವೇ, 2002ರ ಅಕ್ಟೋಬರ್ 7ರಂದು, ಸಿಐಎ ನಿರ್ದೇಶಕರ ಪತ್ರವೊಂದು ಸೆನೆಟ್‌ಗೆ ಹೋಗಿತ್ತು. ಅಮೆರಿಕದ ಮೇಲೆ ಉಗ್ರ ದಾಳಿ ನಡೆಸುವಷ್ಟು ದೂರ ಹೋಗದಂತೆ ಬಗ್ದಾದ್ ಸದ್ಯ ಗೆರೆ ಎಳೆದುಕೊಂಡಂತಿದೆ. ದಾಳಿ ತಪ್ಪದು ಎಂದು ಸದ್ದಾಂಗೆ ಅನ್ನಿಸಿದರೆ ಆ ಹಿಂಜರಿಕೆ ಕಡಿಮೆಯಾಗಬಹುದು ಎಂಬುದು ಅದರ ತಾತ್ಪರ್ಯ. ಅಂದರೆ ಅಪಾಯವನ್ನು ತಡೆಯಲೆಂದು ಹೊರಟ ಯುದ್ಧವೇ ಅಪಾಯವನ್ನು ಹೆಚ್ಚಿಸಬಹುದು. ಬ್ರಿಟನ್ನಿನ ಗುಪ್ತಚರ ಸಮಿತಿಯೂ 2003ರ ಫೆಬ್ರುವರಿಯಲ್ಲಿ ಇಂಥದ್ದೇ ಎಚ್ಚರಿಕೆ ಕೊಟ್ಟಿತ್ತು. ಅಮೆರಿಕದ ಸಂಸತ್ತು ಅದೇ ವಾರ 296–133, 77–23 ಮತಗಳಿಂದ ಯುದ್ಧಕ್ಕೆ ಅಧಿಕಾರ ಕೊಟ್ಟಿತು. ಆ ಕಾನೂನಿನ ಪೀಠಿಕೆಯಲ್ಲಿ ‘ಅಲ್ ಖೈದಾ ಸದಸ್ಯರು ಇರಾಕಿನಲ್ಲಿರುವುದು ಗೊತ್ತಿದೆ’ ಎಂಬ ಸಾಲು ಇದೆ. ಕ್ರಿಯಾಪದ ಗಮನಿಸಿ: ‘ಇರುವುದು’. ಯಾರು ಇರಿಸಿದರು ಎಂದಿಲ್ಲ.

ಭಾರತದ ಸಂಸತ್ತು 2003ರ ಏಪ್ರಿಲ್‌ನಲ್ಲಿ ಈ ಯುದ್ಧವನ್ನು ಖಂಡಿಸುವ ನಿರ್ಣಯ ಅಂಗೀಕರಿಸಿತು. ಇರಾಕಿಗೆ ಸೈನಿಕರನ್ನು ಕಳುಹಿಸಿ ಎಂದು ಅಮೆರಿಕ ಒತ್ತಾಯಿಸಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಎಂದು ವಾಜಪೇಯಿ ಸರ್ಕಾರ ಜುಲೈ 14ರಂದು ತೀರ್ಮಾನಿಸಿತು. ಆ ತೀರ್ಮಾನ ಎಷ್ಟು ಮನೆಗಳ ದೀಪ ಉಳಿಸಿತೆಂದು ಲೆಕ್ಕ ಹಾಕುವವರಿಲ್ಲ. ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಿಂದಲೂ ಮಕ್ಕಳು ಸೈನ್ಯಕ್ಕೆ ಹೋಗುತ್ತಾರೆ.

ಆರೋಪ ನಿಜವಾದಾಗ

ಇರಾಕಿನ ಪಾಠ ಕಲಿತವರು ಪ್ರತಿಯೊಂದು ಆರೋಪವೂ ಕಟ್ಟುಕತೆ ಎಂದುಬಿಡುತ್ತಾರೆ. ಅದೂ ಸೋಮಾರಿತನವೇ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಮೇಲೆ ವಿಮಾನವೊಂದು ಸಿಡಿದು 270 ಮಂದಿ ಸತ್ತರು. ನೂರಾರು ಚದರ ಮೈಲಿಗಳಲ್ಲಿ ಚೆಲ್ಲಿದ ಅವಶೇಷಗಳನ್ನು ಆಯ್ದು, ಸುಟ್ಟ ಬಟ್ಟೆಯೊಳಗೆ ಸಿಕ್ಕ ಟೈಮರ್ ಹಲಗೆಯ ಚೂರೊಂದನ್ನು ಹಿಡಿದು ತನಿಖೆ ಲಿಬಿಯಾ ತನಕ ಹೋಯಿತು. ಯುದ್ಧವಾಗಲಿಲ್ಲ. 1992ರಲ್ಲಿ ಭದ್ರತಾ ಮಂಡಳಿ ನಿರ್ಬಂಧ ಹಾಕಿತು. ಕೊನೆಗೆ ನೆದರ್ಲೆಂಡ್ಸ್‌ನ ಹಳೆಯ ಸೇನಾ ನೆಲೆಯೊಂದರಲ್ಲಿ ಸ್ಕಾಟ್ಲೆಂಡಿನ ಕಾನೂನಿನಂತೆ ವಿಚಾರಣೆ ನಡೆದು, 2001ರ ಜನವರಿ 31ರಂದು ಲಿಬಿಯಾದ ಗುಪ್ತಚರ ಅಧಿಕಾರಿಯೊಬ್ಬನಿಗೆ ಶಿಕ್ಷೆಯಾಯಿತು. 2003ರಲ್ಲಿ ಲಿಬಿಯಾ ತನ್ನ ಅಧಿಕಾರಿಗಳ ಕೃತ್ಯದ ಹೊಣೆ ಒಪ್ಪಿ, ಸತ್ತವರ ಪ್ರತಿ ಕುಟುಂಬಕ್ಕೆ 1 ಕೋಟಿ ಡಾಲರ್‌ವರೆಗೆ ಪರಿಹಾರಕ್ಕೆ ಸಮ್ಮತಿಸಿತು. ಆ ತೀರ್ಪಿನ ಬಗ್ಗೆ ಇಂದಿಗೂ ತಕರಾರುಗಳಿವೆ. ಆದರೆ ತಕರಾರು ಮಾಡಲು ಅಲ್ಲೊಂದು ತೀರ್ಪಿದೆ, ಸಾಕ್ಷಿಗಳ ಪಾಟೀಸವಾಲಿದೆ. ಬಾಂಬು ಬಿದ್ದ ಜಾಗದಲ್ಲಿ ಅದ್ಯಾವುದೂ ಇರುವುದಿಲ್ಲ.

ಬಿದ್ದ ಮೇಲೆ ಏನಾಗುತ್ತದೆ ಎಂಬುದಕ್ಕೆ ಖಾರ್ತೂಮ್ ನೋಡಿ. 1998ರ ಆಗಸ್ಟ್ 7ರಂದು ಕೀನ್ಯಾ, ಟಾಂಜಾನಿಯಾದ ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ಅಲ್ ಖೈದಾ ದಾಳಿ, 224 ಸಾವು. 20ರಂದು ಅಮೆರಿಕದ ಕ್ಷಿಪಣಿಗಳು ಸುಡಾನಿನ ಅಲ್-ಶಿಫಾ ಔಷಧ ಕಾರ್ಖಾನೆಯನ್ನು ನೆಲಸಮ ಮಾಡಿದವು. ಆಧಾರ: ಕಾರ್ಖಾನೆಯ ಬಳಿ ಗುಟ್ಟಾಗಿ ಎತ್ತಿದ ಮಣ್ಣಿನ ಮಾದರಿಯಲ್ಲಿ ವಿಷಾನಿಲ ತಯಾರಿಕೆಗೆ ಬಳಸಬಹುದಾದ ರಾಸಾಯನಿಕವೊಂದರ ಅಂಶ, ಮತ್ತು ಮಾಲೀಕನಿಗೆ ಬಿನ್ ಲಾಡೆನ್ ನಂಟಿದೆ ಎಂಬ ಮಾತು. ಮಾಲೀಕ ಮೊಕದ್ದಮೆ ಹೂಡಿದ ಮೇಲೆ, 1999ರ ಮೇ ತಿಂಗಳಲ್ಲಿ ಅಮೆರಿಕ ಅವನ ಖಾತೆಗಳ ತಡೆ ತೆರವು ಮಾಡಿತು. ಬಡ ದೇಶವೊಂದು ದೊಡ್ಡದೊಂದು ಔಷಧ ಕಾರ್ಖಾನೆ ಕಳೆದುಕೊಂಡಿತ್ತು.

ಅಫ್ಘಾನಿಸ್ತಾನದಲ್ಲಿ ನಂಟು ನಿಜ. 1999ರ ಅಕ್ಟೋಬರ್‌ನಲ್ಲೇ ಭದ್ರತಾ ಮಂಡಳಿ 1267ನೇ ನಿರ್ಣಯದಲ್ಲಿ ಬಿನ್ ಲಾಡೆನ್‌ನನ್ನು ಒಪ್ಪಿಸಿ ಎಂದು ತಾಲಿಬಾನಿಗೆ ಹೇಳಿತ್ತು, ತಾಲಿಬಾನ್ ಒಪ್ಪಿಸಲಿಲ್ಲ. 2001ರ ಅಕ್ಟೋಬರ್ 7ಕ್ಕೆ ಶುರುವಾದ ಯುದ್ಧ 2021ರ ಆಗಸ್ಟ್ 30ಕ್ಕೆ ಮುಗಿದಾಗ ಕಾಬೂಲಿನಲ್ಲಿ ಮತ್ತೆ ತಾಲಿಬಾನ್. ನಂಟು ಸಾಬೀತಾಗುವುದು ಒಂದು ಪ್ರಶ್ನೆ, ಯುದ್ಧದಿಂದ ಆ ನಂಟು ಕಡಿಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಎರಡನೆಯದನ್ನು ಕೇಳುವುದೇ ಬಿಟ್ಟುಹೋಗುತ್ತದೆ.

ನಮ್ಮ ಗಡಿ

2008ರ ನವೆಂಬರ್ 26ರ ಮುಂಬೈ ದಾಳಿಯ ಪುರಾವೆ ಕಟ್ಟಿದ ಬಗೆ ಯಾವ ದೇಶಕ್ಕೂ ಪಾಠವಾಗಬಲ್ಲದು. ಹತ್ತು ದಾಳಿಕೋರರಲ್ಲಿ ಕಸಬ್ ಜೀವಂತ ಸಿಕ್ಕ. ಅವನ ಮಾತೊಂದನ್ನೇ ನೆಚ್ಚಲಿಲ್ಲ. ದಾಳಿಕೋರರು ಬಂದ ಕುಬೇರ್ ದೋಣಿಯಲ್ಲಿ ಸಿಕ್ಕ ಉಪಗ್ರಹ ಫೋನ್, ಜಿಪಿಎಸ್ ಉಪಕರಣ, ದಾಳಿ ನಡೆಯುತ್ತಿದ್ದಾಗಲೇ ಧ್ವನಿಮುದ್ರಿಸಿದ ಕರೆಗಳು, ಇಂಟರ್ನೆಟ್ ಕರೆಗಳ ಹಣ ಪಾವತಿಯ ಜಾಡು, ಎಲ್ಲವೂ ಬೇರೆಬೇರೆ ಬುಡದಿಂದ ಬಂದು ಒಂದೇ ಕಡೆ ಕೈತೋರಿದವು. 2009ರ ಜನವರಿ 5ರಂದು ಭಾರತ ಕಡತವನ್ನು ಪಾಕಿಸ್ತಾನದ ಕೈಗಿಟ್ಟಿತು. ಫೆಬ್ರುವರಿ 12ರಂದು ಸಂಚಿನ ಒಂದು ಭಾಗ ತಮ್ಮ ನೆಲದಲ್ಲೇ ನಡೆದದ್ದನ್ನು ಪಾಕಿಸ್ತಾನದ ಒಳಾಡಳಿತ ಮುಖ್ಯಸ್ಥ ರೆಹಮಾನ್ ಮಲಿಕ್ ಒಪ್ಪಿದರು. 2010ರ ಮಾರ್ಚ್‌ನಲ್ಲಿ ಶಿಕಾಗೊ ನ್ಯಾಯಾಲಯದಲ್ಲಿ ದಾಳಿಯ ಜಾಗಗಳನ್ನು ಮೊದಲೇ ನೋಡಿಕೊಂಡು ಬಂದಿದ್ದ ಡೇವಿಡ್ ಹೆಡ್ಲಿ ತಪ್ಪೊಪ್ಪಿಕೊಂಡ. ಪುರಾವೆ ಇಷ್ಟಿದ್ದೂ ಆಗ ಯುದ್ಧವಾಗಲಿಲ್ಲ. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ದಾಳಿ ಮಾಡಿಸಿದ ಲಷ್ಕರ್-ಎ-ತಯಬಾದ ಮುಖ್ಯ ಸೂತ್ರಧಾರರಿಗೆ ಆ ದಾಳಿಗಾಗಿ ಪಾಕಿಸ್ತಾನದಲ್ಲಿ ಶಿಕ್ಷೆಯಾಗಲಿಲ್ಲ ಎಂಬ ಸಿಟ್ಟು ನ್ಯಾಯವಾದದ್ದೇ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯ ಹತ್ಯೆಯಾಯಿತು, ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ಮೇ 7ರಂದು ಭಾರತ ಒಂಬತ್ತು ಜಾಗಗಳ ಮೇಲೆ ದಾಳಿ ಮಾಡಿತು, 10ಕ್ಕೆ ಕದನ ನಿಂತಿತು. ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿ ಅಂದು ಇಟ್ಟ ಆಧಾರವನ್ನು ಮೆಟ್ಟಿಲುಗಳ ಲೆಕ್ಕದಲ್ಲಿ ನೋಡೋಣ. ಹೊಣೆ ಹೊತ್ತ ದಿ ರೆಸಿಸ್ಟೆನ್ಸ್ ಫ್ರಂಟ್ ಅಂದರೆ ಟಿಆರ್‌ಎಫ್ ಲಷ್ಕರ್‌ನ ಮುಖವಾಡ; ಆ ಸಂಘಟನೆಯ ಬಗ್ಗೆ ಉಗ್ರರ ಮೇಲಿನ ನಿರ್ಬಂಧ ನೋಡಿಕೊಳ್ಳುವ ವಿಶ್ವಸಂಸ್ಥೆಯ 1267 ಸಮಿತಿಯ ನಿಗಾ ತಂಡಕ್ಕೆ 2024ರ ಮೇ ಮತ್ತು ನವೆಂಬರ್‌ನಲ್ಲಿ ಭಾರತ ಮಾಹಿತಿ ಕೊಟ್ಟಿತ್ತು; ಪಾಕಿಸ್ತಾನ ತನ್ನ ನೆಲದ ಉಗ್ರ ನೆಲೆಗಳ ಮೇಲೆ ಕ್ರಮ ಕೈಗೊಂಡಿಲ್ಲ. ಕ್ರಮವನ್ನು ‘ಅಳತೆ ಮೀರದ, ಹಿಗ್ಗಿಸದ’ ದಾಳಿ ಎಂದೂ, ಗುರಿ ಉಗ್ರ ನೆಲೆಗಳೇ ಹೊರತು ಸೇನಾ ನೆಲೆಗಳಲ್ಲ ಎಂದೂ ಸರ್ಕಾರ ಹೇಳಿತು. ಇದು ಆಶ್ರಯ ಮತ್ತು ನೆರವಿನ ಮೆಟ್ಟಿಲು. ಮೂರು ದಶಕಗಳ ದಾಖಲೆ ಅದನ್ನು ಗಟ್ಟಿಯಾಗಿ ಹೊರುತ್ತದೆ. ದಾಳಿ ಮಾಡಿದ ನಿರ್ದಿಷ್ಟ ವ್ಯಕ್ತಿಗಳ ವಿಧಿವಿಜ್ಞಾನದ ಪುರಾವೆ ಸಾರ್ವಜನಿಕವಾದದ್ದು ಜುಲೈ 29ರಂದು: ಹಿಂದಿನ ದಿನ ಹತರಾದ ಮೂವರಿಂದ ವಶಪಡಿಸಿಕೊಂಡ ರೈಫಲ್‌ಗಳಿಂದ ಚಂಡೀಗಢದ ಪ್ರಯೋಗಾಲಯದಲ್ಲಿ ಗುಂಡು ಹಾರಿಸಿ, ಪಹಲ್ಗಾಮ್‌ನ ಖಾಲಿ ಗುಂಡಿನ ಕೋಶಗಳೊಂದಿಗೆ ತಾಳೆ ನೋಡಲಾಯಿತು ಎಂದು ಗೃಹ ಸಚಿವರು ಲೋಕಸಭೆಗೆ ತಿಳಿಸಿದರು. ನಿರ್ಧಾರಕ್ಕೆ ಹಿಡಿದದ್ದು 15 ದಿನ, ತಾಳೆ ನೋಡಲು ಮೂರು ತಿಂಗಳು. ಈ ಅಂತರ ಯಾವ ದೇಶಕ್ಕೂ ತಪ್ಪಿದ್ದಲ್ಲ. ತಪ್ಪದ್ದೆಂದೇ, ನಿರ್ಧಾರದ ದಿನ ಕೈಯಲ್ಲಿರುವ ಪುರಾವೆ ಯಾವ ಮೆಟ್ಟಿಲಿನದು ಎಂಬುದನ್ನು ಅಷ್ಟೇ ಅಳತೆಯಲ್ಲಿ ಹೇಳುವುದು ಸರ್ಕಾರದ ಕರ್ತವ್ಯ. ಕೇಳುವುದು ನಮ್ಮದು. ಆ ವಾರ ಟಿವಿಗಳಲ್ಲಿ ಕರಾಚಿ ಬಂದರು ನಾಶವಾಯಿತು ಎಂಬಂಥ ಸುಳ್ಳುಗಳು ಹರಿದಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಗಟ್ಟಿ ಪುರಾವೆ ಇರುವ ಕಡೆಯವರಿಗೆ ಇಂಥ ಸುಳ್ಳು ಮಾಡುವ ಹಾನಿ ಎದುರಾಳಿಯೂ ಮಾಡಲಾರ.

ಅಳೆಯುವ ಕೈಕೆಲಸ

ಮುಂದಿನ ಸಲ ಇಂಥ ಸುದ್ದಿ ಬಂದಾಗ ಮೊದಲು ಕ್ರಿಯಾಪದದ ಕೆಳಗೆ ಗೆರೆ ಹಾಕಿ. ‘ಇದ್ದರು’, ‘ಭೇಟಿಯಾದರು’, ‘ತರಬೇತಿ ಕೊಟ್ಟರು’, ‘ಆದೇಶಿಸಿದರು’, ಇವು ನಾಲ್ಕೂ ಬೇರೆ. ಆಮೇಲೆ ಮೂಲಗಳನ್ನು ಎಣಿಸಿ, ಪತ್ರಿಕೆಗಳನ್ನಲ್ಲ. ಒಂದೇ ಬಾವಿಯ ನೀರು ನಾಲ್ಕು ಕೊಡದಲ್ಲಿ ಬಂದರೆ ಅದು ನಾಲ್ಕು ಬಾವಿಯಾಗದು. 2002ರ ಸೆಪ್ಟೆಂಬರ್ 8ರಂದು ನ್ಯೂಯಾರ್ಕ್ ಟೈಮ್ಸ್ ಅಧಿಕಾರಿಗಳನ್ನು ಉಲ್ಲೇಖಿಸಿ ಅಣ್ವಸ್ತ್ರ ತಯಾರಿಕೆಗೆಂದು ಇರಾಕ್ ತರಿಸಿಕೊಳ್ಳುತ್ತಿದೆ ಎನ್ನಲಾದ ಅಲ್ಯುಮಿನಿಯಂ ಕೊಳವೆಗಳ ಸುದ್ದಿ ಬರೆಯಿತು, ಅದೇ ಬೆಳಗ್ಗೆ ಚೇನಿ ಟಿವಿಯಲ್ಲಿ ಕುಳಿತು ಆ ಪತ್ರಿಕೆಯನ್ನೇ ಉಲ್ಲೇಖಿಸಿದರು. ಸರ್ಕಾರದ ಮಾತು ಪತ್ರಿಕೆಯೊಳಗೆ ಹೊಕ್ಕು ಸರ್ಕಾರಕ್ಕೇ ಸಾಕ್ಷಿಯಾಗಿ ಮರಳಿತು. ತಾರೀಕು ಮತ್ತು ನಕಾಶೆಯನ್ನು ಸ್ವತಃ ನೋಡಿ. ಪ್ರಾಗ್ ಕತೆ ತಾರೀಕಿನಲ್ಲಿ, ಖುರ್ಮಲ್ ಕತೆ ನಕಾಶೆಯಲ್ಲಿ ಕುಸಿಯಿತು. ಹೇಳಿಕೆ ಕೊಟ್ಟವನು ಯಾರ ಕೈಯಲ್ಲಿದ್ದ ಎಂದು ಕೇಳಿ. ಮತ್ತು ಸರ್ಕಾರದೊಳಗೇ ಒಪ್ಪದವರು ಏನೆಂದರು ಎಂದು ಹುಡುಕಿ, ಅದು ಸಾಮಾನ್ಯವಾಗಿ ವರದಿಯ ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ.

ಈ ಕೊನೆಯದಕ್ಕೆ ಹೊಸ ಉದಾಹರಣೆ ವೆನೆಜುವೆಲಾ. ಟ್ರೆನ್ ದೆ ಅರಾಗುವಾ ಎಂಬ ಗ್ಯಾಂಗನ್ನು ಅಮೆರಿಕ 2025ರ ಫೆಬ್ರುವರಿಯಲ್ಲಿ ಉಗ್ರ ಸಂಘಟನೆಯೆಂದು ಘೋಷಿಸಿತು, ಅದು ಅಲ್ಲಿನ ಅಂದಿನ ಅಧ್ಯಕ್ಷ ಮಡುರೊ ಸರ್ಕಾರದ ಜೊತೆಗೂಡಿ, ಅದರ ನಿರ್ದೇಶನದಲ್ಲೂ ಕೆಲಸ ಮಾಡುತ್ತಿದೆ ಎಂದಿತು. ಅಮೆರಿಕದ್ದೇ ರಾಷ್ಟ್ರೀಯ ಗುಪ್ತಚರ ಮಂಡಳಿ ಏಪ್ರಿಲ್ 7ರ ಟಿಪ್ಪಣಿಯಲ್ಲಿ, ಮಡುರೊ ಆಡಳಿತ ಆ ಗ್ಯಾಂಗನ್ನು ನಿರ್ದೇಶಿಸುತ್ತಿರುವಂತೆ ಕಾಣುವುದಿಲ್ಲ ಎಂದು ಬರೆದಿತ್ತು. ಸೆಪ್ಟೆಂಬರ್ 2ರಂದು ಕೆರಿಬಿಯನ್ ಸಮುದ್ರದಲ್ಲಿ ದೋಣಿಯೊಂದರ ಮೇಲೆ ಮೊದಲ ದಾಳಿ, 11 ಸಾವು. ಗುಂಪೊಂದಕ್ಕೆ ಉಗ್ರರೆಂಬ ಹಣೆಪಟ್ಟಿ ಹಚ್ಚುವುದು ಹಣಕಾಸು ತಡೆಯುವ ಆಡಳಿತಾತ್ಮಕ ಕ್ರಮ. ಅದು ಕೊಲ್ಲುವ ಪರವಾನಗಿಯಲ್ಲ.

ಇಂಥ ಕೇಸುಗಳು ಪಾಟೀಸವಾಲಿಗೆ ಸಿಕ್ಕಾಗ ಏನಾಗುತ್ತದೆ ಎಂಬುದು ಹುಬ್ಬಳ್ಳಿಗೆ ಗೊತ್ತು. 2008ರಲ್ಲಿ ಇಲ್ಲಿ ದೊಡ್ಡ ಸುದ್ದಿಯಾದ ಉಗ್ರ ಸಂಚಿನ ಪ್ರಕರಣದಲ್ಲಿ 17 ಆರೋಪಿಗಳನ್ನು ಹುಬ್ಬಳ್ಳಿಯ ನ್ಯಾಯಾಲಯ 2015ರಲ್ಲಿ ಸಾಕ್ಷ್ಯ ಸಾಲದೆ ಖುಲಾಸೆ ಮಾಡಿತು. ಏಳು ವರ್ಷ ತಡವಾಯಿತು, ಅದು ಆ ಮನೆಗಳಿಗೆ ಬಹಳ ದುಬಾರಿಯಾಯಿತು. ಆದರೂ ತಪ್ಪನ್ನು ತಿದ್ದಲು ಮನುಷ್ಯರು ಜೀವಂತವಿದ್ದರು. ಇರಾಕಿನಲ್ಲಿ ದಾಖಲಾದ ನಾಗರಿಕ ಸಾವುಗಳೇ 1 ಲಕ್ಷ 80 ಸಾವಿರ ಮೀರಿವೆ. ಜರ್ಕಾವಿಯ ಗುಂಪೇ ಮುಂದೆ ಐಸಿಸ್ ಆಗಿ ಬೆಳೆದು 2014ರ ಜೂನ್‌ನಲ್ಲಿ ಮೊಸುಲ್ ಹಿಡಿಯಿತು. ಅಲ್ಲಿ ಕೂಲಿಗೆ ಹೋಗಿದ್ದ 39 ಭಾರತೀಯರನ್ನು ಕೊಂದಿತು. ಇಲ್ಲದ ನಂಟಿನ ಹೆಸರಲ್ಲಿ ಹೊರಟ ಯುದ್ಧ ನಿಜವಾದ ಉಗ್ರ ರಾಜ್ಯವನ್ನೇ ಹೆತ್ತಿತು.

ದೂರದ ಆರೋಪ ಹತ್ತಿರದ ಮನೆ ಮುಟ್ಟುವುದನ್ನೂ ಈ ಭಾಗ ಕಂಡಿದೆ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಆ ಯುದ್ಧಕ್ಕೆ ರಷ್ಯಾ ಕೊಟ್ಟ ಕಾರಣಗಳಲ್ಲಿ ಡೊನ್‌ಬಾಸ್‌ನಲ್ಲಿ ನರಮೇಧ ನಡೆಯುತ್ತಿದೆ ಎಂಬುದೂ ಒಂದು. ಹದಿನೈದೇ ದಿನಕ್ಕೆ, ಮಾರ್ಚ್ 16ರಂದು, ಆ ಆರೋಪವನ್ನು ಸಮರ್ಥಿಸುವ ಪುರಾವೆ ತನ್ನ ಮುಂದೆ ಇಲ್ಲ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು.

ಒಮ್ಮೆ ಕಾನೂನಾಗಿ ಬರೆದ ನಂಟು ಬೇಗ ಅಳಿಯುವುದಿಲ್ಲ. ಅಮೆರಿಕದ 2002ರ ಆ ಯುದ್ಧಾಧಿಕಾರ ಸದ್ದಾಂ ಸತ್ತ ಮೇಲೂ ಪುಸ್ತಕದಲ್ಲಿ ಉಳಿಯಿತು. 2020ರ ಜನವರಿ 3ರಂದು ಇರಾನಿನ ಸೇನಾನಿ ಕಾಸಿಂ ಸುಲೈಮಾನಿಯನ್ನು ಬಗ್ದಾದಿನಲ್ಲಿ ಕೊಂದಾಗ ಅದನ್ನೇ ಆಧಾರವಾಗಿ ತೋರಿಸಲಾಯಿತು. ಸೆಪ್ಟೆಂಬರ್ 11ರ ದಾಳಿಕೋರರ ರಹಸ್ಯ ಪ್ರಯಾಣಕ್ಕೆ ಅವನು ನೆರವಾಗಿದ್ದ ಎಂದು ಅಂದಿನ ಉಪಾಧ್ಯಕ್ಷ ಮೈಕ್ ಪೆನ್ಸ್ ಅದೇ ದಿನ ಬರೆದರು. ತನಿಖಾ ಆಯೋಗದ ವರದಿಯಲ್ಲಿ ಸುಲೈಮಾನಿಯ ಹೆಸರೇ ಇಲ್ಲ. 2025ರ ಡಿಸೆಂಬರ್‌ನಲ್ಲಿ ಆ ಕಾನೂನು ರದ್ದಾಯಿತು. 2001ರ ಸೆಪ್ಟೆಂಬರ್ 18ರ ಇನ್ನೊಂದು, ಅಲ್ ಖೈದಾ ಎಂಬ ಹೆಸರೂ ಇಲ್ಲದ, 60 ಪದಗಳ ಅಧಿಕಾರ ಇನ್ನೂ ಜಾರಿಯಲ್ಲಿದೆ.